ಥೈರಾಯ್ಡ್ ಮಾತ್ರೆಯ ಜತೆ ಗ್ಯಾಸ್ ಮಾತ್ರೆ: ಟಿಎಸ್‌ಎಚ್ ಯಾವಾಗ, ಹೇಗೆ ನೋಡಬೇಕು?

ವರ್ಷಗಟ್ಟಲೆ ಒಂದೇ ಡೋಸಿನಲ್ಲಿ ಸರಿಯಾಗಿದ್ದ ಟಿಎಸ್‌ಎಚ್ ಇದ್ದಕ್ಕಿದ್ದಂತೆ 8ಕ್ಕೋ 10ಕ್ಕೋ ಏರಿದೆಯೇ? (ಟಿಎಸ್‌ಎಚ್ ಎಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್; ರಕ್ತದಲ್ಲಿ ಥೈರಾಕ್ಸಿನ್ ಸಾಲದಿದ್ದರೆ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ.) ಡೋಸ್ ಹೆಚ್ಚಿಸುವ ಮೊದಲು ಈಚೆಗೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ಏನಾದರೂ ಶುರುವಾಗಿದೆಯೇ ನೋಡಿ. ಥೈರಾಯ್ಡ್ ಮಾತ್ರೆ (ಲೆವೊಥೈರಾಕ್ಸಿನ್) ಕರಗಲು ಹೊಟ್ಟೆಯ ಆಮ್ಲ ಬೇಕು; ಗ್ಯಾಸ್ ಮಾತ್ರೆ ಅದನ್ನೇ ತಗ್ಗಿಸುತ್ತದೆ. ಆಮ್ಲ ತಗ್ಗಿದರೆ ರಕ್ತಕ್ಕೆ ಸೇರುವ ಔಷಧಿಯೂ ತಗ್ಗುತ್ತದೆ.

ನಾಲ್ಕೈದು ದಿನದ ಕೋರ್ಸಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ತಿಂಗಳುಗಟ್ಟಲೆ ನುಂಗುವುದಿದ್ದರೆ ಶುರುವಿಗೆ ಮುನ್ನ ಒಮ್ಮೆ, 6ರಿಂದ 8 ವಾರ ಕಳೆದು ಮತ್ತೊಮ್ಮೆ ಟಿಎಸ್‌ಎಚ್ ಮಾಡಿಸಿ. 6 ವಾರಕ್ಕೆ ಮುಂಚೆಯೇ ಮಾಡಿಸಿದರೆ ದುಡ್ಡು ದಂಡ: ರಕ್ತದ ಥೈರಾಕ್ಸಿನ್ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು, ಟಿಎಸ್‌ಎಚ್ ನೆಲೆಗೊಳ್ಳುವುದು ಇನ್ನೂ ನಿಧಾನ. ಗರ್ಭಿಣಿಯರು ಮಾತ್ರ ಇಷ್ಟು ಕಾಯಬಾರದು. ಅವರಿಗೆ 4 ವಾರ.

ಎರಡಕ್ಕೂ ‘ಖಾಲಿ ಹೊಟ್ಟೆಗೆ’ ಎಂದೇ ಚೀಟಿಯಲ್ಲಿರುವುದರಿಂದ ಒಟ್ಟಿಗೇ ನುಂಗುವವರು ಬಹಳ. ಹಾಗೆ ಮಾಡಬೇಡಿ: ಎದ್ದ ಕೂಡಲೇ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ, ಅರ್ಧ ಗಂಟೆ ಬಿಟ್ಟು ಗ್ಯಾಸ್ ಮಾತ್ರೆ, ಮತ್ತರ್ಧ ಗಂಟೆಗೆ ಕಾಫಿ, ತಿಂಡಿ. ಆದರೆ ಅಂತರ ಕೊಟ್ಟಿದ್ದೇವೆಂದು ಪರೀಕ್ಷೆ ಬಿಡುವಂತಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆಂಟಾಸಿಡ್ ಸಿರಪ್‌ಗಳಿಗೆ 4 ಗಂಟೆ ಅಂತರ ಸಾಕು. ಗ್ಯಾಸ್ ಮಾತ್ರೆಗಳಾದರೋ ಆಮ್ಲವನ್ನು ದಿನಪೂರ್ತಿ ತಗ್ಗಿಸಿಡುತ್ತವೆ.

ರಕ್ತ ಕೊಡುವ ದಿನ ಥೈರಾಯ್ಡ್ ಮಾತ್ರೆ ಆಮೇಲೆ ನುಂಗಿ. ಮೊದಲೇ ನುಂಗಿದರೆ ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಕ್ಸಿನ್) ಕೆಲವು ಗಂಟೆ ಹೆಚ್ಚಾಗಿ ಕಾಣುತ್ತದೆ. ಕೂದಲಿಗೆಂದು ತಿನ್ನುವ ಬಯೋಟಿನ್ ಮಾತ್ರೆಯನ್ನು 2 ದಿನ ಮುಂಚೆ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. ಪ್ರತಿಸಲ ಅದೇ ಲ್ಯಾಬ್, ಬೆಳಗಿನ ಅದೇ ಹೊತ್ತು.

ಟಿಎಸ್‌ಎಚ್ ಏರಿದ್ದರೆ ಗ್ಯಾಸ್ ಮಾತ್ರೆ ನಿಜಕ್ಕೂ ಬೇಕೇ ಎಂದು ವೈದ್ಯರನ್ನು ಕೇಳಿ. ಬೇಕೇಬೇಕೆಂದರೆ ಸಾಮಾನ್ಯವಾಗಿ ಥೈರಾಕ್ಸಿನ್ ಅನ್ನು 12.5 ಅಥವಾ 25 ಮೈಕ್ರೋಗ್ರಾಂ ಹೆಚ್ಚಿಸುತ್ತಾರೆ. ಜನ ಎಡವುವುದು ಇದಾದ ಮೇಲೆ: ಗ್ಯಾಸ್ ಮಾತ್ರೆ ನಿಂತರೂ ಹೆಚ್ಚಿಸಿದ ಡೋಸ್ ಹಾಗೇ ಉಳಿಯುತ್ತದೆ. ಟಿಎಸ್‌ಎಚ್ ಕುಸಿದು ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ. ವಯಸ್ಸಾದವರಲ್ಲಿ ಹೃದಯದ ಲಯವೇ ತಪ್ಪಬಹುದು. ಹಾಗಾಗಿ ನಿಲ್ಲಿಸಿದ 6ರಿಂದ 8 ವಾರಕ್ಕೂ ಪರೀಕ್ಷೆ ಬೇಕು.

ಇನ್ನೊಂದು, ಸ್ಟ್ರಿಪ್ ತಿರುಗಿಸಿ ಓದಿ. ಪ್ಯಾಂಟೊಪ್ರಜೋಲ್ ಜತೆ ಡಾಂಪೆರಿಡೋನ್ (ವಾಂತಿ ತಡೆಯುವ ಔಷಧಿ) ಸೇರಿದ್ದರೆ ಪ್ರೊಲ್ಯಾಕ್ಟಿನ್ ಎಂಬ, ಹಾಲು ಬರಿಸುವ ಹಾರ್ಮೋನ್ ಏರುತ್ತದೆ; ಮುಟ್ಟು ತಪ್ಪುವುದು, ಮೊಲೆಹಾಲು ಒಸರುವುದು ಇದರಿಂದಲೂ ಆಗಬಹುದು. ಸ್ಕ್ಯಾನಿಂಗಿಗೆ ಓಡುವ ಮುನ್ನ ವೈದ್ಯರ ಒಪ್ಪಿಗೆಯಿಂದ 3 ದಿನ ಅದನ್ನು ನಿಲ್ಲಿಸಿ ಪ್ರೊಲ್ಯಾಕ್ಟಿನ್ ಮತ್ತೆ ನೋಡಿಸಿ, ಜತೆಗೆ ಟಿಎಸ್‌ಎಚ್ ಕೂಡ: ಥೈರಾಯ್ಡ್ ತೀರಾ ಕಡಿಮೆಯಿದ್ದರೂ ಪ್ರೊಲ್ಯಾಕ್ಟಿನ್ ಏರುತ್ತದೆ.