ಮೊಣಕಾಲಿನ ಕೆಳಗಿನ ಕವಚ: ಅಂಟಿಗೆ ಮುನ್ನ ಬಿಸಿನೀರು

ಸ್ಟಾರ್ ವಾರ್ಸ್ ಚಿತ್ರಗಳ ಬಿಳಿ ಕವಚದ ಸೈನಿಕ ಸ್ಟಾರ್ಮ್‌ಟ್ರೂಪರ್‌ನ ವೇಷಕ್ಕೆ ಪ್ಲಾಸ್ಟಿಕ್ ಕವಚದ ಕಿಟ್ ಜೋಡಿಸುವವರು ಕಾಲು ಮತ್ತು ಮುಂಗೈ ಭಾಗದ ಎರಡು ಅರ್ಧಗಳ ಅಂಚುಗಳು ತಾವಾಗಿಯೇ ಕೂಡದಿದ್ದರೆ, ಕ್ಲಾಂಪ್ ಹಾಕಿ ಬಲವಂತವಾಗಿ ಅಂಟಿಸುವ ಬದಲು, ಆ ಭಾಗವನ್ನು ಸುಮಾರು 85 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ, ದಪ್ಪ ಕೈಗವಸು ತೊಟ್ಟು ಬೇಕಾದ ಬಾಗಿಗೆ ಒತ್ತಿ ಹಿಡಿದು, ಕೂಡಲೇ ತಣ್ಣೀರಿಗೆ ಇಳಿಸಬೇಕು. ಈ ಕವಚದ ಎಬಿಎಸ್ ಪ್ಲಾಸ್ಟಿಕ್ ಪೂರ್ತಿ ಮೆತ್ತಗಾಗುವುದು 105 ಡಿಗ್ರಿಯ ಆಸುಪಾಸಿನಲ್ಲಾದರೂ, ಅದಕ್ಕಿಂತ ಕಡಿಮೆ ಶಾಖದಲ್ಲಿಯೂ ಸ್ವಲ್ಪ ಬಗ್ಗಿ, ತಣಿದಾಗ ಆ ಹೊಸ ಆಕಾರವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಆಗ ಸಂದು ಸ್ಪ್ರಿಂಗಿನಂತೆ ಸೆಟೆದು ನಿಲ್ಲುವುದಿಲ್ಲವಾದ್ದರಿಂದ, ಇ6000ದಂತಹ ನಿಧಾನವಾಗಿ ಒಣಗುವ ಅಂಟಿನ ಮೇಲೆ ಎಳೆತ ಬೀಳುವುದಿಲ್ಲ. ಬಾಗು ಸಾಲದಿದ್ದರೆ ನೀರನ್ನು ಇನ್ನಷ್ಟು ಕಾಯಿಸುವುದಕ್ಕಿಂತ ಮತ್ತೊಮ್ಮೆ ಮುಳುಗಿಸುವುದೇ ಲೇಸು, ಏಕೆಂದರೆ ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಎಳೆದು ಈ ಭಾಗಗಳನ್ನು ಮಾಡಿರುವುದರಿಂದ ಅಚ್ಚಿನ ಆಳವಾದ ಮೂಲೆಗಳಲ್ಲಿ ಹಾಳೆ ತೆಳುವಾಗಿರುತ್ತದೆ ಮತ್ತು ಮೊದಲು ಸೊಟ್ಟಗಾಗುವುದು ಅಲ್ಲಿಯೇ. ತ್ರೀಡಿ ಮುದ್ರಣದ ಪಿಎಲ್ಎ ಪ್ಲಾಸ್ಟಿಕ್ ಭಾಗಗಳಿಗೆ ಇದು ಖಂಡಿತ ಸಲ್ಲದು. ಅವು 60 ಡಿಗ್ರಿಯಲ್ಲೇ ಕುಸಿಯುತ್ತವೆ. ಬಣ್ಣ ಬಳಿದ ಮೇಲೂ ಇದನ್ನು ಮಾಡಬಾರದು. ತೊಡುವ ಒಳಉಡುಪಿನ ಮೇಲೆಯೇ ಅಳತೆ ನೋಡಿ, ನಡೆಯುವಾಗ ಮೀನಖಂಡ ಉಬ್ಬುವುದಕ್ಕೆ ಒಂದು ಬೆರಳಿನಷ್ಟು ಜಾಗ ಬಿಟ್ಟ ನಂತರವೇ ಬಾಗಿಸಬೇಕು.