ಕುತ್ತಿಗೆಯ ಗಂಟು ಕಿಕುಚಿ ಕಾಯಿಲೆಯೇ ಎಂದು ಪತ್ತೆಹಚ್ಚುವ ಬಗೆ

ಕುಂಬಳೆ, ಬದಿಯಡ್ಕದ ಕಡೆ ಕುತ್ತಿಗೆಯಲ್ಲಿ ಗಂಟು ಎದ್ದು ಜ್ವರವೂ ಬಂದರೆ ಮನೆಯವರಿಗೆ ಮೊದಲು ನೆನಪಾಗುವುದು ಕ್ಷಯ, ಆಮೇಲೆ ಬಾಯಿಬಿಟ್ಟು ಹೇಳದ ಕ್ಯಾನ್ಸರ್. ಇವೆರಡೂ ಅಲ್ಲದ, ಸಾಮಾನ್ಯವಾಗಿ 1ರಿಂದ 4 ತಿಂಗಳಲ್ಲಿ ತಾನಾಗಿ ಇಳಿಯುವ ಅಪರೂಪದ ಕಾಯಿಲೆಯೊಂದನ್ನು 1972ರಲ್ಲಿ ಜಪಾನಿನ ವೈದ್ಯರಾದ ಕಿಕುಚಿ ಮತ್ತು ಫುಜಿಮೊಟೊ ಬೇರೆಬೇರೆಯಾಗಿ ವರದಿ ಮಾಡಿದರು; ಅದೇ ಕಿಕುಚಿ ಕಾಯಿಲೆ.

ರೋಗಿ 40ರೊಳಗಿನವರಾಗಿದ್ದು, ಕುತ್ತಿಗೆಯ ಹಿಂಬದಿಯಲ್ಲಿ ಒಂದೇ ಪಕ್ಕಕ್ಕೆ ಚಿಕ್ಕ ಅಡಿಕೆಯಷ್ಟು ಗಾತ್ರದ, ಒತ್ತಿದರೆ ನೋಯುವ ದುಗ್ಧರಸ ಗ್ರಂಥಿಗಳಿದ್ದರೆ ಈ ಸಂಶಯ ಇಟ್ಟುಕೊಳ್ಳಬೇಕು. ರಕ್ತದಲ್ಲಿ ಬಿಳಿಕಣ ಕಡಿಮೆಯಿರಬಹುದು, ಉರಿಯೂತವನ್ನು ತೋರಿಸುವ ಇಎಸ್‌ಆರ್ ಏರಿರಬಹುದು. ಆದರೆ ಅಷ್ಟರಿಂದ ಏನೂ ತೀರ್ಮಾನವಾಗದು.

ಗಂಟಿನೊಳಗಿಂದ ಜೀವಕೋಶ ಹೀರಿ ನೋಡುವ ಸೂಜಿ ಪರೀಕ್ಷೆ ಹಲವು ಬಾರಿ ಅರೆಬರೆ ಉತ್ತರ ಕೊಡುವುದರಿಂದ, ಇಡೀ ಗ್ರಂಥಿಯನ್ನೇ ತೆಗೆದು ಬಯಾಪ್ಸಿ ಮಾಡಿಸುವುದು ಮೇಲು. ಆಗ ಒಂದು ತುಂಡನ್ನು ಕೆಡದಂತೆ ಕಾಯುವ ಫಾರ್ಮಲಿನ್‌ನಲ್ಲಿಯೂ ಇನ್ನೊಂದನ್ನು ಕ್ಷಯದ ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗಾಗಿ ಸಲೈನ್‌ನಲ್ಲಿಯೂ ಕಳುಹಿಸುವಂತೆ ಮೊದಲೇ ಕೇಳಿಕೊಳ್ಳಿ, ಏಕೆಂದರೆ ಫಾರ್ಮಲಿನ್‌ನಲ್ಲಿ ಬಿದ್ದ ತುಂಡಿನಲ್ಲಿ ರೋಗಾಣು ಬೆಳೆಯುವುದಿಲ್ಲ. ಸೂಕ್ಷ್ಮದರ್ಶಕದಡಿ ಸತ್ತ ಜೀವಕೋಶಗಳ ಪುಡಿ, ಅದರ ಸುತ್ತ ಅದನ್ನು ನುಂಗುವ ಹಿಸ್ಟಿಯೋಸೈಟು ಕೋಶಗಳು ಕಾಣುತ್ತವೆ. ಕೊಳೆತ ಜಾಗದಲ್ಲಿ ಇರಬೇಕಾದ, ಕೀವಿನಲ್ಲಿ ತುಂಬಿರುವ ಬಿಳಿಕಣಗಳಾದ ನ್ಯೂಟ್ರೋಫಿಲ್‌ಗಳು ಮಾತ್ರ ಇರುವುದಿಲ್ಲ, ಇದೇ ಮುಖ್ಯ ಸುಳಿವು. ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್‌ನಲ್ಲಿಯೂ ಇಂಥದೇ ಚಿತ್ರ ಕಾಣಬಹುದಾದ್ದರಿಂದ ಅದರ ಸುಳಿವನ್ನು ರಕ್ತದಲ್ಲಿ ಹುಡುಕುವ ಎಎನ್‌ಎ ಪರೀಕ್ಷೆಯನ್ನು ಬಿಡಬಾರದು; ಗಂಟು ಇಳಿದ ಮೇಲೂ ಕೆಲವು ವರ್ಷ ವೈದ್ಯರಿಗೆ ತೋರಿಸುತ್ತಿರಬೇಕು.