ಏಳು ಇಂಚಿನ ಪ್ಲೇಟು, 300 ಪ್ರತಿ: ನನ್ನ ಅನುಭವ

ಕನ್ನಡ ರಾಕ್ ಬ್ಯಾಂಡಿನ ಮೊದಲ ರೆಕಾರ್ಡನ್ನು ವಿನೈಲಿನಲ್ಲಿ ತಂದರೆ ಕೈ ಸುಟ್ಟುಕೊಳ್ಳುತ್ತೀರಿ ಎಂದವರೇ ಎಲ್ಲ. ಸ್ಟ್ರೀಮಿಂಗ್‌ಗೆ ಹಾಕಿ ಸುಮ್ಮನಿರಿ ಎಂದರು. ಈಗ 300 ಪ್ರತಿಯೂ ಖಾಲಿ. ಹಾಕಿದ ದುಡ್ಡು ಬಂದಿದೆ, ಎರಡನೇ ಮುದ್ರಣಕ್ಕೆ ಆಗುವಷ್ಟು ಉಳಿದೂ ಇದೆ. ಮಾಡಬೇಕೆಂದಿರುವ ಬ್ಯಾಂಡಿನವರಿಗಾಗಿ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ದಾರಿ ತೋರಿಸಿದ್ದು ಬಝ್‌ಕಾಕ್ಸ್. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಈ ಪಂಕ್ ಬ್ಯಾಂಡು 1976ರ ಡಿಸೆಂಬರ್ 28ರಂದು ಇಂಡಿಗೊ ಸ್ಟುಡಿಯೋದಲ್ಲಿ, ಮಾರ್ಟಿನ್ ಹ್ಯಾನೆಟ್ ನಿರ್ಮಾಣದಲ್ಲಿ, ನಾಲ್ಕು ಹಾಡು ಮುಗಿಸಿತು. ಸ್ನೇಹಿತರು, ಮನೆಯವರಿಂದ ಪಡೆದ 500 ಪೌಂಡ್ ಸಾಲದಲ್ಲಿ 1977ರ ಜನವರಿ ಕೊನೆಗೆ ‘ಸ್ಪೈರಲ್ ಸ್ಕ್ರ್ಯಾಚ್’ ಹೊರಬಂತು. ಲೇಬಲ್ಲೂ ಅವರದೇ, ನ್ಯೂ ಹಾರ್ಮೋನ್ಸ್. ಮೊದಲು ಒತ್ತಿಸಿದ್ದು 1,000, ಒಟ್ಟು ಮಾರಿದ್ದು ಸುಮಾರು 16,000. ಇದನ್ನು ಎಲ್ಲರೂ ಧೈರ್ಯದ ಕಥೆಯಾಗಿ ಹೇಳುತ್ತಾರೆ. ನಾನು ಅದರಿಂದ ಎತ್ತಿಕೊಂಡದ್ದು ಅಳತೆಯನ್ನು. ನಾಲ್ಕು ಹಾಡು, ಎಲ್ಲ ಸೇರಿ ಹತ್ತು ನಿಮಿಷದ ಆಸುಪಾಸು. ಹೊದಿಕೆಯ ಹಿಂದೆ ಯಾವ ಹಾಡು ಎಷ್ಟನೇ ಟೇಕ್, ಮೇಲೆ ಏನು ಸೇರಿಸಿದೆ ಎಂಬುದನ್ನೂ ಅಚ್ಚು ಹಾಕಿದ್ದರು. ಆ ಪ್ಲೇಟು ನೋಡಿ ಎಷ್ಟೋ ಬ್ಯಾಂಡುಗಳು ತಾವೇ ರೆಕಾರ್ಡ್ ಮಾಡಲು ಹೊರಟವು. ನಮ್ಮ ಹೊದಿಕೆಯಲ್ಲೂ ಟೇಕ್ ವಿವರ, ಮೈಕುಗಳ ಹೆಸರು, ಖರ್ಚು ಮೂರೂ ಇವೆ. ಮೇಳದಲ್ಲಿ ಪ್ಲೇಟು ಕೈಗೆತ್ತಿಕೊಂಡವರು ಮೊದಲು ಓದುವುದು ಅದನ್ನೇ.

ಹನ್ನೆರಡು ಇಂಚಿನ ಆಲ್ಬಮ್ ಬೇಡ. ಎಂಟು ಹಾಡಿಗೆ ಸ್ಟುಡಿಯೋ ಖರ್ಚು ದುಪ್ಪಟ್ಟು, ತೂಕ ಮೂರು ಪಟ್ಟು, ಅಂಚೆಯೂ ಹಾಗೇ. ಏಳು ಇಂಚಿನಲ್ಲಿ 45 ವೇಗಕ್ಕೆ (ನಿಮಿಷಕ್ಕೆ 45 ಸುತ್ತು) ಒಂದು ಬದಿಗೆ ನಾಲ್ಕೂವರೆ ನಿಮಿಷದವರೆಗೆ ಒಳ್ಳೆ ಗಟ್ಟಿ ಸದ್ದು ಸಿಗುತ್ತದೆ. ಐದು ನಿಮಿಷ ದಾಟಿದರೆ ಕಟ್ಟಿಂಗ್ ಮಟ್ಟ, ಅಂದರೆ ಪ್ಲೇಟಿನ ಗೆರೆ (ಗ್ರೂವ್) ಕೆತ್ತುವ ಸದ್ದಿನ ಮಟ್ಟ, 2-3 ಡೆಸಿಬೆಲ್ (ಡಿಬಿ) ಇಳಿಯುತ್ತದೆ, ಮೇಲ್ಮೈ ಸರಸರ ಕೇಳಿಸತೊಡಗುತ್ತದೆ. 33ಕ್ಕೆ ಹೋದರೆ ಜಾಗ ಸಿಗುತ್ತದೆ, ಆದರೆ ಒಳಗಿನ ಸುತ್ತುಗಳಲ್ಲಿ ಡ್ರಮ್ಸಿನ ಸಿಂಬಲ್ ಸದ್ದು ಬಟ್ಟೆ ಹರಿದಂತಾಗುತ್ತದೆ. ನಾವು 45 ಇಟ್ಟುಕೊಂಡು ಎರಡು ಹಾಡಿನ ಸೋಲೋ ಕತ್ತರಿಸಿದೆವು. ಗಿಟಾರ್ ವಾದಕ ವಾರಗಟ್ಟಲೆ ಮಾತಾಡಲಿಲ್ಲ. ಪ್ರತಿ ಬದಿಯಲ್ಲೂ ಜೋರು ಹಾಡು ಮೊದಲು, ಮೆತ್ತನೆಯದು ಒಳಗೆ.

ದುಡ್ಡು ನಿಜವಾಗಿ ಪೋಲಾದದ್ದು ಡೊಳ್ಳಿನ ಹಾಡಿಗೆ. ಡೊಳ್ಳಿನ ಎರಡು ಮುಖಕ್ಕೆ ಎರಡು ಮೈಕು ಇಟ್ಟು ಎಡ-ಬಲ ಹರಡಿದರೆ ಹೆಡ್‌ಫೋನಿನಲ್ಲಿ ಅದ್ಭುತ. ಆದರೆ ಒಂದು ಮುಖ ಒಳಗೆ ಹೋದಾಗ ಇನ್ನೊಂದು ಹೊರಗೆ ಬರುವುದರಿಂದ ಎರಡೂ ಮೈಕಿನ ಫೇಸ್ (ಸದ್ದಿನ ಅಲೆಯ ಏರಿಳಿತ) ಒಂದಕ್ಕೊಂದು ಉಲ್ಟಾ. ಕೆಳಸ್ತರದ ದಪ್ಪ ಸದ್ದಿನಲ್ಲಿ ಉಲ್ಟಾ ಫೇಸ್ ಇದ್ದರೆ ಗ್ರೂವ್ ಕೆತ್ತುವ ಕಟ್ಟರ್ ಅಡ್ಡಕ್ಕೆ ಅಲುಗುವ ಬದಲು ಮೇಲೆ ಕೆಳಗೆ ಅಲುಗುತ್ತದೆ. ಗ್ರೂವ್ ಒಂದು ಕಡೆ ಆಳ, ಒಂದು ಕಡೆ ಇಲ್ಲವೇ ಇಲ್ಲ ಅನ್ನುವಷ್ಟು ತೆಳು. ಟೆಸ್ಟ್ ಪ್ರೆಸ್ಸಿಂಗ್ (ಪರೀಕ್ಷೆಗೆ ಒತ್ತಿದ ಪ್ರತಿ) ಒಳ್ಳೆಯ ಟರ್ನ್‌ಟೇಬಲಿನಲ್ಲಿ ಸಲೀಸಾಗಿ ಓಡಿತು, ಅಗ್ಗದ ಸೂಟ್‌ಕೇಸ್ ಪ್ಲೇಯರಿನಲ್ಲಿ ಪ್ರತಿ ಪೆಟ್ಟಿಗೂ ಮುಳ್ಳು ಹಾರಿತು. ಕೊಳ್ಳುವವರಲ್ಲಿ ಹೆಚ್ಚಿನವರ ಬಳಿ ಇರುವುದು ಅದೇ ಸೂಟ್‌ಕೇಸ್ ಪ್ಲೇಯರ್. ಹಾಗಾಗಿ ಆ ಬದಿ ಮತ್ತೆ ಕಟ್ ಆಯಿತು, ಹೊಸ ಲ್ಯಾಕರ್ (ಗ್ರೂವ್ ಕೆತ್ತುವ ಮೂಲ ತಟ್ಟೆ), ಹೊಸ ಸ್ಟ್ಯಾಂಪರ್ (ಪ್ಲೇಟು ಒತ್ತುವ ಅಚ್ಚು), ಇಪ್ಪತ್ತು ಸಾವಿರದ ಹತ್ತಿರ. ಪರಿಹಾರ ಸುಲಭ: ಒಂದು ಮೈಕಿನ ಪೊಲಾರಿಟಿ (ಪ್ಲಸ್-ಮೈನಸ್) ತಿರುಗಿಸಿ, 150 ಹರ್ಟ್ಸ್‌ನಿಂದ ಕೆಳಗೆ ಎಲ್ಲ ಮೊನೊ (ಎಡ-ಬಲ ಒಂದೇ ಸದ್ದು). ತಮಟೆಗೆ ಈ ತಾಪತ್ರಯವಿಲ್ಲ, ಅದರ ಕಾಟ ಮೇಲಿನ ಸ್ತರದಲ್ಲಿ.

ಇನ್ನೊಂದು ಸಮಸ್ಯೆ ನಮ್ಮ ಶ, ಷ, ಚ. ಕಟ್ ಮಾಡುವಾಗ ಮೇಲ್‌ಸ್ತರವನ್ನು ಎತ್ತಿಯೇ ಕೆತ್ತುವುದರಿಂದ ಮಿಕ್ಸಿನಲ್ಲಿ ಸರಿ ಅನ್ನಿಸಿದ ‘ಶ’ ಪ್ಲೇಟಿನಲ್ಲಿ ಉಗುಳಿದಂತೆ ಬರುತ್ತದೆ. 5ರಿಂದ 9 ಕಿಲೋಹರ್ಟ್ಸ್ ನಡುವೆ ಡಿ-ಎಸ್ಸರ್ (ಶ, ಸ ಸದ್ದಿನ ಚುಚ್ಚು ತಗ್ಗಿಸುವ ಸಾಧನ) ಎರಡು ಹಂತದಲ್ಲಿ, ಒಂದೊಂದೂ 3 ಡಿಬಿಗಿಂತ ಹೆಚ್ಚು ಹಿಡಿಯದಂತೆ. ಒಂದೇ ಹಂತದಲ್ಲಿ 6 ಹಿಡಿದರೆ ಗಾಯಕನ ನಾಲಿಗೆ ತೊದಲುತ್ತದೆ. ಡಿ-ಎಸ್ಸರಿಗೂ ಮೊದಲು ದನಿಯ ಮೇಲೆ ನಾನು ಮಾಡುವ ಇನ್ನೊಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಪ್ಲೇಟು ಒತ್ತಿಸಿದ್ದು ಯುರೋಪಿನ ಯಾವ ಕಾರ್ಖಾನೆಯಲ್ಲಿ ಎಂಬುದನ್ನೂ.

ಖರ್ಚು ನೆನಪಿನಿಂದ: ಡ್ರಮ್ಸ್ ಮತ್ತು ಡೊಳ್ಳಿಗೆ ಸ್ಟುಡಿಯೋ, ಉಳಿದದ್ದು ಮನೆಯಲ್ಲಿ, ಸುಮಾರು 35 ಸಾವಿರ. ಮಾಸ್ಟರಿಂಗ್ (ಮಿಕ್ಸಿಗೆ ಕೊನೆಯ ಹದ ಕೊಡುವುದು) 8 ಸಾವಿರ. ಕಟ್ಟಿಂಗ್, ಒತ್ತುವುದು, ಹೊದಿಕೆ ಸೇರಿ 1 ಲಕ್ಷ 30ರ ಹತ್ತಿರ. ವಿಮಾನ ಸಾಗಣೆ 28-30. ಆಮದು ಸುಂಕ ಮತ್ತು ಜಿಎಸ್‌ಟಿ 40 ದಾಟಿತು. ಸುಂಕ ಸರಕಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ ಬೀಳುತ್ತದೆ. ಸಾಹಿತ್ಯದ ಹಾಳೆಯನ್ನು ಚಾಮರಾಜಪೇಟೆಯಲ್ಲಿ 130 ಜಿಎಸ್‌ಎಂ ಕಾಗದದ ಮೇಲೆ ಆಫ್‌ಸೆಟ್ಟಿನಲ್ಲಿ ಹಾಕಿಸಿದ್ದು 6 ಸಾವಿರ. ಕನ್ನಡ ಅಕ್ಷರವನ್ನು ವಿದೇಶಿ ಮುದ್ರಕರಿಗೆ ಕಳಿಸುವಾಗ ಔಟ್‌ಲೈನ್ ಮಾಡಿಯೇ (ಅಕ್ಷರವನ್ನು ಚಿತ್ರರೂಪಕ್ಕೆ ತಿರುಗಿಸಿ) ಕಳಿಸಿ, ಇಲ್ಲದಿದ್ದರೆ ಒತ್ತಕ್ಷರ ಬಿದ್ದುಹೋಗುತ್ತದೆ. ಮರುಕಟ್ಟಿಂಗ್ ಸೇರಿ ಒಟ್ಟು ಎರಡು ಮುಕ್ಕಾಲು ಲಕ್ಷದ ಆಸುಪಾಸು. ಪ್ರತಿಗೆ 900 ಚಿಲ್ಲರೆ ಬಿತ್ತು, 1,200ಕ್ಕೆ ಮಾರಿದೆವು.

ಮುಂಗಡ ಬುಕಿಂಗ್ ತೊಂಬತ್ತು ಪ್ರತಿಗಳಷ್ಟು ಬಂದ ಮೇಲೆಯೇ ಕಾರ್ಖಾನೆಗೆ ದುಡ್ಡು ಕಟ್ಟಿದ್ದು. ಊರಿನವರಿಗೆ ಯುಪಿಐ, ಹೊರದೇಶದವರಿಗೆ ಬ್ಯಾಂಡ್‌ಕ್ಯಾಂಪ್ (ಬ್ಯಾಂಡುಗಳು ನೇರ ಸಂಗೀತ ಮಾರುವ ಜಾಲತಾಣ). ಬ್ಯಾಂಡ್‌ಕ್ಯಾಂಪ್ ಪ್ಲೇಟಿಗೆ 10 ಶೇಕಡಾ ಹಿಡಿಯುತ್ತದೆ, ಡಿಜಿಟಲ್‌ಗೆ 15. ಅಮೆರಿಕ, ಜರ್ಮನಿಯ ಕನ್ನಡ ಕೂಟದವರು ಕೊಂಡ ಅರವತ್ತು ಚಿಲ್ಲರೆ ಪ್ರತಿಗಳನ್ನು ಬೆಂಗಳೂರಿಗೆ ತರಿಸಲೇ ಇಲ್ಲ. ಕಾರ್ಖಾನೆಯಿಂದ ನೇರ ಜರ್ಮನಿಯ ಗೆಳೆಯರ ಮನೆಗೆ, ಅಲ್ಲಿಂದ ಅಂಚೆಗೆ. ಇಲ್ಲಿಗೆ ತಂದು ಸುಂಕ ಕಟ್ಟಿ ಮತ್ತೆ ಹೊರಗೆ ಕಳಿಸಿದರೆ ಪ್ರತಿಗೆ 400 ವ್ಯರ್ಥ.

ಪಬ್ಬುಗಳಲ್ಲಿ ಮಾರಾಟ ಸಾಧಾರಣ. ನವೆಂಬರಿನಲ್ಲಿ ಐಟಿ ಕಂಪನಿಗಳ ರಾಜ್ಯೋತ್ಸವ ಕಾರ್ಯಕ್ರಮಗಳಲ್ಲಿ ಒಂದೊಂದು ಸಂಜೆಗೆ ಹದಿನೈದು-ಇಪ್ಪತ್ತು ಹೋದವು. ಕೊಂಡವರಲ್ಲಿ ಅರ್ಧದಷ್ಟು ಜನರ ಬಳಿ ಟರ್ನ್‌ಟೇಬಲ್ಲೇ ಇಲ್ಲ. ಅದಕ್ಕೇ ಪ್ರತಿ ಪ್ಲೇಟಿನೊಳಗೂ ಡೌನ್‌ಲೋಡ್ ಚೀಟಿ ಇರಲೇಬೇಕು. ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಪೆಟ್ಟಿಗೆ ಬಿಡಬೇಡಿ, ಒಂದೇ ಮಧ್ಯಾಹ್ನಕ್ಕೆ ಬಾಗುತ್ತವೆ. ಮಲಗಿಸದೆ ನಿಲ್ಲಿಸಿಯೇ ಇಡಿ.

ನಡುವೆ ಐವತ್ತು ಕ್ಯಾಸೆಟ್ಟೂ ಮಾಡಿ ನೋಡಿದೆ. ಖರ್ಚು ಕಡಿಮೆ, ಡೊಳ್ಳು ಟೇಪಿನಲ್ಲಿ ಬಹಳ ಚೆನ್ನಾಗಿ ಕೂರುತ್ತದೆ, ಪ್ಲೇಟಿಗಿಂತಲೂ. ಆದರೆ ಕೊಳ್ಳುವವರು ನಿಧಾನ, ಹತ್ತಿಪ್ಪತ್ತು ಇನ್ನೂ ಉಳಿದಿವೆ.

ಎರಡನೇ ಮುದ್ರಣ 200. ಸ್ಟ್ಯಾಂಪರ್ ಕಾರ್ಖಾನೆಯಲ್ಲೇ ಇರುವುದರಿಂದ ಕಟ್ಟಿಂಗ್ ಖರ್ಚಿಲ್ಲ. ಐವತ್ತು ಪ್ರತಿ ಅರಿಶಿನ-ಕುಂಕುಮ ಬಣ್ಣದಲ್ಲಿ. ಬಣ್ಣ ಚೆಲ್ಲಿದ ಬಗೆ ಒಂದರಂತೆ ಒಂದಿರುವುದಿಲ್ಲ, ಸರಸರ ಕಪ್ಪಿಗಿಂತ ಸ್ವಲ್ಪ ಜಾಸ್ತಿ, ಬೆಲೆ 1,500. ಅಕ್ಟೋಬರ್ ಒಳಗೆ ಕೈಗೆ ಬರುವ ಹಾಗೆ ಆರ್ಡರ್ ಹಾಕಿದ್ದೇನೆ.